ಕಿಲ್ಟಿಗೊಂದು ಕಾಶೀಯಾತ್ರೆಯ ಚಪ್ಪಲಿ

1989ರ ಡಿಸೆಂಬರ್ 7, ಗುರುವಾರ, ಬೆಳಿಗ್ಗೆ 9 ಗಂಟೆ 20 ನಿಮಿಷ. ಮುಂಬಯಿಯಿಂದ ಹೊರಟ ವಿಮಾನ ನನ್ನನ್ನು ನೈರೋಬಿಯ ಎಂಬಕಸಿ ವಿಮಾನ ನಿಲ್ದಾಣದಲ್ಲಿ ಇಳಿಸಿತು. ಕೈಯಲ್ಲಿ ಒಂದು ಕೊಡೆ, ಒಂದು ಊರುಗೋಲು, ಒಂದು ಬೀಸಣಿಗೆ, ಹಳೆಯ ಪಂಚೆಯಲ್ಲಿ ಸುತ್ತಿದ ಒಂದು ಜೊತೆ ಹೊಸ ಚಪ್ಪಲಿ. ಕಸ್ಟಮ್ಸಿನ ಅಧಿಕಾರಿ ಎಲ್ಲವನ್ನೂ ಬಿಡಿಸಿ ನೋಡಿ, "ಇಲ್ಲೇನು ನಡೆದುಕೊಂಡೇ ತಿರುಗಾಡ್ತೀಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ನಮ್ಮ ಮದುವೆಯಲ್ಲಿ ವರ ಕಾಶಿಗೆ ಹೊರಡುತ್ತಾನೆ, ಹುಡುಗಿಯ ತಮ್ಮ ತಡೆದು ವಾಪಸು ಕರೆತರುತ್ತಾನೆ, ಆ ತಮ್ಮ ನಾನು ಎಂದೆ. ಅವನು ಕೊಡೆ ಬಿಚ್ಚಿ, ಮುಚ್ಚಿ, ಕಳಿಸಿಕೊಟ್ಟ.

ಸುಧಕ್ಕ ನೈರೋಬಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಅವಳು ಮದುವೆಯಾಗುತ್ತಿದ್ದ ಇಯಾನ್ ಅದೇ ಶಾಲೆಯ ಭೂಗೋಳದ ಮೇಷ್ಟ್ರು, ಸ್ಕಾಟ್ಲೆಂಡಿನವನು. ಅಪ್ಪ ಅಮ್ಮ ಇಲ್ಲದ ನಮಗೆ ಅದೇ ಊರಿನ ಸೌತ್ ಬಿ ಬಡಾವಣೆಯಲ್ಲಿರುವ ಸರೋಜತ್ತೆಯೇ ಹಿರಿಯರು. ಮದುವೆಗೆ ಅವರು ಒಪ್ಪಲು ಎರಡು ವರ್ಷ ಹಿಡಿದಿತ್ತು. ಒಪ್ಪಿದಾಗ ಹೇಳಿದ್ದು ಒಂದೇ ಮಾತು: ಶಾಸ್ತ್ರ ಒಂದೂ ಬಿಡಬಾರದು. ಇಯಾನನ ತಾಯಿ ಮಾರ್ಗರೆಟ್ ಕೇಳಿದ್ದೂ ಒಂದೇ: ತೀರಿಹೋದ ಅವನ ತಂದೆಯ ಕಿಲ್ಟನ್ನೇ, ತಮ್ಮ ನಾಡಿನ ಆ ಉಡುಪನ್ನೇ, ಮಗ ಉಡಬೇಕು. ಎರಡೂ ಆಗುತ್ತದೆ ಎಂದು ಅಕ್ಕ ಇಬ್ಬರಿಗೂ ಮಾತು ಕೊಟ್ಟಿದ್ದಳು.

ಚಪ್ಪಲಿಯ ಹೊಣೆ ನನ್ನದು. ಇಯಾನನ ಪಾದವನ್ನು ಕಾಗದದ ಮೇಲೆ ಗೆರೆ ಎಳೆದು ಕಳಿಸಲು ಬರೆದಿದ್ದೆ. ಉದ್ದ, ಅಗಲ, ಮೇಲ್ಪಾದದ ಸುತ್ತಳತೆ ಎಲ್ಲ ಡೈರಿಯಲ್ಲಿದ್ದವು. ಮೈಸೂರಿನಲ್ಲಿ ಹೊಲಿಸಿ ಮೂರು ಸಲ ಅಳೆದು ತಂದಿದ್ದೆ.

ಅಂದು ಸಂಜೆಯೇ ಅತ್ತೆಯ ಮನೆಯಲ್ಲಿ ಇಯಾನ್ ಕಿಲ್ಟ್ ಉಟ್ಟು ತೋರಿಸಿದ. ಮಂಡಿಯವರೆಗಿನ ನೆರಿಗೆಯ ಉಡುಪು, ಕೆಳಗೆ ಮಂಡಿ ಮುಟ್ಟುವ ದಪ್ಪ ಉಣ್ಣೆಯ ಕಾಲುಚೀಲ. ನಾನು ಚಪ್ಪಲಿ ಮುಂದಿಟ್ಟೆ. ಅವನು ಕಾಲು ತೂರಿಸಿದ. ಹೆಬ್ಬೆರಳು ತೂರಿಸುವ ಉಂಗುರದೊಳಕ್ಕೆ ಉಣ್ಣೆಯ ಸಮೇತ ಬೆರಳು ಹೋಗಲೇ ಇಲ್ಲ. ನಾಲ್ಕು ಸಲ ಪ್ರಯತ್ನಿಸಿದ. ನನ್ನ ಪಟ್ಟಿಯಲ್ಲಿ ಎಲ್ಲ ಅಳತೆಯೂ ಇತ್ತು, ಕಾಲುಚೀಲದ ಪ್ರಶ್ನೆ ಮಾತ್ರ ಇರಲಿಲ್ಲ.

"ಕಾಲುಚೀಲ ತೆಗೆದ್ರಾಯ್ತು, ಏನೀಗ?" ಎಂದರು ಅತ್ತೆ.

ಅಕ್ಕ ಅದನ್ನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ಮಾರ್ಗರೆಟ್‌ಗೆ ಅರ್ಥವಾಯಿತು. ಆಗದು ಎಂದು ತಲೆಯಾಡಿಸಿದರು. ಮಂಟಪದಲ್ಲಿ ಬೇಕಾದರೆ ತೆಗೆಯಲಿ, ನಡೆದು ಬರುವಾಗ ಕಾಲುಚೀಲವಿಲ್ಲದ ಕಿಲ್ಟ್ ಎಂದರೆ ಅರ್ಧ ಉಡುಪಿನಲ್ಲಿ ಎದ್ದುಬಂದ ಹಾಗೆ ಎಂದರು. ಅದರ ಜೊತೆಗೆ ತಾವು ತಂದಿದ್ದ ಕಪ್ಪು ಬೂಟುಗಳನ್ನು ಹೊರಗಿಟ್ಟರು. ನಾಲಗೆಯಿಲ್ಲದ ಬೂಟು, ಉದ್ದನೆಯ ದಾರ. ಅದನ್ನು ಕಣಕಾಲಿಗೆ ಸುತ್ತಿ ಸುತ್ತಿ ಮೇಲೆ ಗಂಟು ಹಾಕಬೇಕು. ನಾನು ಗಡಿಯಾರ ಹಿಡಿದೆ. ಕಟ್ಟಲು ಆರು ನಿಮಿಷ, ಬಿಚ್ಚಲು ನಾಲ್ಕು.

"ಕಾಶಿಯಿಂದ ವಾಪಸು ಬಂದ ತಕ್ಷಣ ಕಾಲು ತೊಳೀಬೇಕು ಕಣೋ ಮಧು. ಇವನು ದಾರ ಬಿಚ್ತಾ ಕೂತ್ರೆ ಮುಹೂರ್ತ ಕಾಯುತ್ತಾ?" ಎಂದರು ಅತ್ತೆ. ನಮ್ಮ ಪುರೋಹಿತರು ಅಪ್ಪರ್ ಹಿಲ್‌ನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು, ಪೌರೋಹಿತ್ಯ ರಜಾದಿನ ಮಾತ್ರ. ಫೋನಿನಲ್ಲಿ ಕೇಳಿದಾಗ, "ಭಾನುವಾರ ಹತ್ತೂ ನಲವತ್ತರೊಳಗೆ ವರ ಮಂಟಪದಲ್ಲಿರಬೇಕು, ಒಂದು ನಿಮಿಷ ಲೇಟಾದ್ರೂ ನಾನು ಜವಾಬ್ದಾರನಲ್ಲ" ಎಂದರು. ಅಕ್ಕ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಡಿಸೆಂಬರ್ 8, ಶುಕ್ರವಾರ. ಮೋಡ, ಆಗಾಗ ತುಂತುರು. ಅತ್ತೆ, ಇಯಾನ್, ನಾನು ಮಟಾಟು ಎಂಬ ಬಾಡಿಗೆ ವ್ಯಾನು ಹತ್ತಿ ಪೇಟೆಗೆ ಹೋದೆವು. ಇಯಾನ್ ಚಡ್ಡಿಯ ಕೆಳಗೆ ಕಿಲ್ಟಿನ ಕಾಲುಚೀಲ ಹಾಕಿಕೊಂಡಿದ್ದ. ಆ ಊರಿನಲ್ಲಿ ಬಿಳಿಯರು ಹಾಗೆ ಓಡಾಡುವುದು ಮಾಮೂಲು, ಯಾರೂ ತಿರುಗಿ ನೋಡಲಿಲ್ಲ. ಒಟ್ಟು ಏಳು ಅಂಗಡಿ ಹತ್ತಿದೆವು. ಒಂದರಲ್ಲಿ ಕಾಲು ಹಿಡಿಸಿತು, ಆದರೆ ಅದು ಬಚ್ಚಲಿನ ರಬ್ಬರ್ ಚಪ್ಪಲಿ. "ಇದ್ರಲ್ಲಿ ಕಾಶಿಗಲ್ಲ, ಸ್ನಾನಕ್ಕೆ ಕಳಿಸಬೇಕು" ಎಂದು ಅತ್ತೆ ಎದ್ದುಬಿಟ್ಟರು.

ಮಧ್ಯಾಹ್ನ 2 ಗಂಟೆ 10ಕ್ಕೆ ಕರಿಯೋಕೋರ್ ಮಾರುಕಟ್ಟೆ ಸೇರಿದೆವು. ಅಲ್ಲೊಬ್ಬ ಮುದುಕ, ಸ್ವಾಹಿಲಿಯಲ್ಲಿ ಹೇಳುವಂತೆ 'ಫುಂಡಿ', ಅಂದರೆ ಕಸುಬುದಾರ, ಹಳೆಯ ಟಯರು ಕೊಯ್ದು ಚಪ್ಪಲಿ ಮಾಡುತ್ತಿದ್ದ. ಪಾದದ ಮೇಲೆ ಎರಡು ಅಗಲವಾದ ಪಟ್ಟಿ, ಅಡ್ಡಡ್ಡ. ಬೆರಳಿಗೆ ಉಂಗುರವಿಲ್ಲ, ಹಿಮ್ಮಡಿಗೆ ಕಟ್ಟಿಲ್ಲ. ಅತ್ತೆ ಸ್ವಾಹಿಲಿಯಲ್ಲಿ ಎಲ್ಲ ವಿವರಿಸಿದರು. ಅವನು ಕಾಲುಚೀಲ ಚಿವುಟಿ ನೋಡಿ, ಎಷ್ಟು ದೂರ ನಡೆಯಬೇಕು ಎಂದು ಕೇಳಿದ.

"ಹತ್ತು ಹೆಜ್ಜೆ" ಎಂದರು ಅತ್ತೆ.

ಫುಂಡಿ ಚಾಕು ಕೆಳಗಿಟ್ಟು ನಕ್ಕ. ಅವನು ಹೇಳಿದ್ದನ್ನು ಅತ್ತೆ ನಗುತ್ತಲೇ ಕನ್ನಡದಲ್ಲಿ ಹೇಳಿದರು: "ಇದು ಐನೂರು ಕಿಲೋಮೀಟರ್ ಆಚೆ ಮೊಂಬಾಸಕ್ಕೆ ಹೋಗಿಬರ್ತಿದ್ದ ಲಾರಿ ಟಯರಂತೆ. ಹತ್ತು ಹೆಜ್ಜೆಗೆ ಹಾಕ್ಕೊಂಡ್ರೆ ಅದಕ್ಕೇ ಅವಮಾನವಂತೆ!"

ಪಟ್ಟಿಗೆ ಕಪ್ಪು ಚರ್ಮ ಹೊದಿಸಲು ಇಯಾನ್ ಕೇಳಿಕೊಂಡ. "ಹಕುನಾ ಶಿದಾ" ಎಂದ ಫುಂಡಿ, ತೊಂದರೆಯಿಲ್ಲ. ಒಂದು ಗಂಟೆ ಐದು ನಿಮಿಷದಲ್ಲಿ ಜೊತೆ ಸಿದ್ಧವಾಯಿತು. ಇಯಾನ್ ತೊಟ್ಟ, ಕಾಲು ಝಾಡಿಸಿದ, ಚಪ್ಪಲಿ ಕಳಚಿ ಬಿತ್ತು. ಎರಡು ಸೆಕೆಂಡು. ದುಡ್ಡು ನಾನು ಕೊಟ್ಟೆ, ಕೊಡಬೇಕಾದವನು ನಾನೇ. "ಅಸಾಂಟೆ" ಎಂದೆ, ಧನ್ಯವಾದ. ನಾನು ಕಲಿತ ಮೊದಲ ಸ್ವಾಹಿಲಿ ಪದ ಅದು, ಮನಸಾರೆ ಹೇಳಿದ್ದು.

ಇನ್ನು ಮಾರ್ಗರೆಟ್ ಉಳಿದಿದ್ದರು. ಮನೆಯಲ್ಲಿ ಅವರು ಚಪ್ಪಲಿಯನ್ನು ಕೈಗೆತ್ತಿಕೊಂಡು, ಅಡಿಯ ಟಯರಿನ ಗೆರೆಗಳ ಮೇಲೆ ಬೆರಳಾಡಿಸಿದರು. "ನನ್ನ ಗಂಡ ಲಾರಿ ಓಡಿಸುತ್ತಿದ್ದರು" ಎಂದರು. ಬೂಟುಗಳನ್ನು ತಾವೇ ಪೆಟ್ಟಿಗೆಗೆ ಹಾಕಿದರು. ಅಕ್ಕ ನನ್ನ ಬೆನ್ನಿಗೊಂದು ಗುದ್ದಿದಳು. "ಡೈರಿಯಲ್ಲಿ ಬರ್ಕೋ" ಎಂದಳು.

ಡಿಸೆಂಬರ್ 10, ಭಾನುವಾರ, ಬಿಸಿಲು. 10 ಗಂಟೆ 21ಕ್ಕೆ ಇಯಾನ್ ಕೊಡೆ ಹಿಡಿದು ಕಾಶಿಗೆ ಹೊರಟ. ಹತ್ತನೆಯ ಹೆಜ್ಜೆಗೆ ನಾನು ಅಡ್ಡ ನಿಂತೆ. "ಭಾವ, ನಮ್ಮ ಅಕ್ಕನನ್ನು ಕೊಡ್ತೀವಿ, ವಾಪಸು ಬನ್ನಿ" ಎಂದೆ. ಅವನು ಅಭ್ಯಾಸ ಮಾಡಿಕೊಂಡಿದ್ದ ಕನ್ನಡದಲ್ಲಿ, "ಊಟ ಇದೆಯಾ?" ಎಂದ. "ಹೋಳಿಗೆ ಇದೆ!" ಎಂದು ಹಿಂದಿನಿಂದ ಅತ್ತೆ ಕೂಗಿದರು. ಮಂಟಪದ ಮುಂದೆ ಇಯಾನ್ ಕಾಲು ಝಾಡಿಸಿದ. ಚಪ್ಪಲಿ, ಕಾಲುಚೀಲ ಎರಡನ್ನೂ ಕಳಚಲು ಅರ್ಧ ನಿಮಿಷ. ಅತ್ತೆ ನೀರು ಹಾಕಿದರು, ನಾನು ಪಾದ ತೊಳೆದೆ. ಅವನು ಮಂಟಪ ಹತ್ತಿದಾಗ 10 ಗಂಟೆ 29. ಪುರೋಹಿತರು ನನ್ನ ಗಡಿಯಾರವನ್ನೂ ತಮ್ಮದನ್ನೂ ನೋಡಿ, "ಇನ್ನೂ ಹನ್ನೊಂದು ನಿಮಿಷ ಇದೆಯಲ್ರೀ, ಕಾಫಿ ಕುಡೀಬಹುದಿತ್ತು" ಎಂದರು.

ಡಿಸೆಂಬರ್ 14ರಂದು ಎಂಬಕಸಿಗೆ ಅಕ್ಕ ಭಾವ ಬೀಳ್ಕೊಡಲು ಬಂದರು. ಒಳಗೆ ಹೋಗುವ ಮುನ್ನ ತಿರುಗಿ ನೋಡಿದೆ. ಭಾವ ಬರಿಗಾಲಿಗೆ ನನ್ನ ಮೈಸೂರು ಚಪ್ಪಲಿ ಹಾಕಿಕೊಂಡಿದ್ದ. ಹೆಬ್ಬೆರಳು ಉಂಗುರದಲ್ಲಿ ಸರಿಯಾಗಿ ಕೂತಿತ್ತು. ಅಳತೆ ತಪ್ಪಿರಲಿಲ್ಲ.

ಊರಿಗೆ ಬಂದು ಚಪ್ಪಲಿ ಹೊಲಿದವರಿಗೆ ಎಲ್ಲ ಹೇಳಿದೆ. ಉಣ್ಣೆಯ ಕಾಲುಚೀಲಕ್ಕೆ ಉಂಗುರ ಎಷ್ಟು ಸಡಿಲ ಬಿಡಬೇಕು, ಕಿಲ್ಟಿನ ಜೊತೆ ಕಂದು ಚರ್ಮ ನಡೆಯುತ್ತದೆಯೇ ಎಂದು ಕೇಳಿದರು. ನನ್ನ ಡೈರಿಯಲ್ಲಿ ಉತ್ತರವಿಲ್ಲ. ಬಲ್ಲ ಓದುಗರು ಈ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿನಲ್ಲಿ ಒಂದು ಕಾರ್ಡು ಹಾಕಬೇಕು. ಅಳತೆ ಬರೆಯುವವರು ಕಾಲುಚೀಲ ಹಾಕಿಯೋ ತೆಗೆದೋ ಎಂಬುದನ್ನು ಮರೆಯದೆ ನಮೂದಿಸಿ.