ಬಾನೆಟ್ಟಿನ ಕೆಳಗಿನ ಬಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನ ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿದ್ದಾಗಿದೆ. ತಲೆಗೆ ಬಟ್ಟೆ, ಮೂಗಿಗೆ ಮಾಸ್ಕು ಕಟ್ಟಿಕೊಂಡ ಹೆಂಗಸೊಬ್ಬರು ಸರಪಳಿಗೆ ತೂಗುಬಿಟ್ಟ ಭಾರೀ ಕಬ್ಬಿಣದ ತುಂಡಿನ ಸುತ್ತ ನಿಧಾನ ಸುತ್ತುತ್ತಾ, ಸ್ಪ್ರೇ ಗನ್ನಿನಿಂದ ಬೂದುಬಣ್ಣವನ್ನು ತೆಳ್ಳಗೆ ಹಾಯಿಸುತ್ತಿದ್ದಾರೆ. "ಗಾಳಿ ಏಳೋದ್ರೊಳಗೆ ಇದು ಮುಗೀಬೇಕು. ಆಮೇಲೆ ಬೀದಿ ಧೂಳೆಲ್ಲ ನಮ್ಮನೆ ನೆಂಟ್ರು, ಕರೀದೇನೇ ಬಂದು ಅಂಟ್ಕೊಳ್ತಾರೆ" ಎಂದು ಮಾಸ್ಕಿನೊಳಗೇ ನಗುತ್ತಾರೆ.

ತೂಗುತ್ತಿರುವುದು ಹಳೇ ಲಾರಿಯೊಂದರ ಮ್ಯಾನಿಫೋಲ್ಡ್. ಇಂಜಿನ್ನು ಸುಟ್ಟು ಬಿಟ್ಟ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರಿಗೆ ದಾಟಿಸುವ, ಬೆರಳು ಚಾಚಿದ ಕೈಯಂಥ ಕೊಳವೆ. ಕೆಂಡದಂತೆ ಕಾಯುವ ಇದಕ್ಕೆ ಮಾಮೂಲಿ ಬಣ್ಣ ಬಳಿದರೆ ಮೊದಲ ಏರಿನಲ್ಲೇ ಚಕ್ಕೆಯೆದ್ದು ಉದುರುತ್ತದೆ. ತುಕ್ಕು ಕೆರೆಯಬೇಕು, ಗಾಳಿಯೊತ್ತಡದಲ್ಲಿ ಮರಳು ಹೊಡೆಯಬೇಕು, ಜಿಡ್ಡು ತೊಳೆಯಬೇಕು. ಆಮೇಲೆ ಶಾಖ ತಡೆಯುವ ಬಣ್ಣವನ್ನು ಪದರ ಪದರವಾಗಿ ಹಾಕಿ ದೊಡ್ಡ ಓವನ್ನಿನಲ್ಲಿ ಬೇಯಿಸಬೇಕು. ದಿನಕ್ಕೆ ಎರಡು ಮುಗಿದರೆ ಹೆಚ್ಚು. ಹಳೇ ಲಾರಿಗಳಿಗೆ ಮರುಜೀವ ಕೊಡುವ ಈ ಬೀದಿಯಲ್ಲಿ ಇವರು ಎಲ್ಲರಿಗೂ 'ಬಣ್ಣದಕ್ಕ'.

ಶೆಡ್ಡು ಮೊದಲು ಇವರ ಅಣ್ಣನದಾಗಿತ್ತು. ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದ ತಂಗಿ ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯುತ್ತಿದ್ದರು. ಬಣ್ಣದ ಘಾಟು ಅಣ್ಣನ ಎದೆಗೆ ಇಳಿದು, ಉಬ್ಬಸ ಹತ್ತಿ, ಗನ್ನು ತಂಗಿಯ ಕೈಗೆ ಬಂತು. ಅಣ್ಣ ಈಗ ಹಿತ್ತಿಲ ಕೋಣೆಯಲ್ಲಿದ್ದಾರೆ. ಬಣ್ಣ ಹೊಡೆಯುವಾಗ ಆ ಕಡೆಯ ಕಿಟಕಿ ಬಿಗಿಯಾಗಿ ಮುಚ್ಚಿರುತ್ತದೆ.

ಆರಂಭದಲ್ಲಿ ಗಿರಾಕಿಗಳಿಗೆ ನಂಬಿಕೆ ಇರಲಿಲ್ಲ. "ಒಳಗೆ ಗಂಡಸ್ರು ಯಾರೂ ಇಲ್ವಾಮ್ಮ ಅಂತ ಕೇಳೋರು. ಇದಾರೆ, ಟೀ ಕುಡಿಯೋಕೆ ಹೋಗಿದಾರೆ, ಬರೋಷ್ಟರಲ್ಲಿ ನಾನು ಮುಗಿಸಿರ್ತೀನಿ ಅಂತಿದ್ದೆ!"

ಬೀದಿಯವರು ಇವರ ಬಗ್ಗೆ ಕೇಳಿದರೆ ತಪ್ಪದೆ ಹೇಳುವುದು ಕಳೆದ ಚಳಿಗಾಲದ ಒಂದು ಲಾರಿಯ ಕತೆ. ಅದನ್ನು ತಂದವಳು ಒಬ್ಬ ವಯಸ್ಸಾದ ಡ್ರೈವರ್‌ನ ಮಗಳು. ಅಪ್ಪ ಹರೆಯದಲ್ಲಿ ಓಡಿಸಿದ್ದ ಲಾರಿ ಗುಜರಿಯಲ್ಲಿ ಸಿಕ್ಕಿತ್ತು. ಹಳೇ ವಾಹನಗಳ ಮೆರವಣಿಗೆ ಹತ್ತಿರವಾಗಿತ್ತು, ಅಪ್ಪನನ್ನು ಅದರಲ್ಲಿ ಕೂರಿಸಬೇಕೆಂಬ ಆಸೆ ಅವಳಿಗೆ. ಅಪ್ಪ, ಅಮ್ಮ ಇಬ್ಬರೂ ಜೊತೆಗೆ ಬಂದಿದ್ದರು. ಆದರೆ ಅಪ್ಪ ಲಾರಿಯ ಹತ್ತಿರ ಸುಳಿಯದೆ ದೂರದ ಬೆಂಚಿನಲ್ಲಿ ಕೂತಿದ್ದರು. ಕುಡಿದು ಓಡಿಸುತ್ತಾನೆಂದು ಅವರನ್ನು ಕೆಲಸದಿಂದ ಕಿತ್ತುಹಾಕಿದ್ದು ಈ ಲಾರಿ ಓಡಿಸುತ್ತಿದ್ದಾಗಲೇ.

ಆ ಲಾರಿಯ ಮ್ಯಾನಿಫೋಲ್ಡಿನ ಹಳೇ ಬಣ್ಣ ಕೆರೆಯುತ್ತಿದ್ದ ಬಣ್ಣದಕ್ಕನ ಕೈ ಒಂದು ಕಡೆ ನಿಂತಿತು. ಕ್ಯಾಬಿನ್ನಿಗೆ ತಾಗಿಕೊಂಡಿರುವ ತುದಿಯಲ್ಲಿ, ಬಣ್ಣದಡಿ ಯಾರೋ ಸಂದು ಮುಚ್ಚುವ ಪುಟ್ಟಿ ಮೆತ್ತಿದ್ದರು. ಪುಟ್ಟಿ ಎದ್ದಾಗ ಕೂದಲೆಳೆಯಂಥ ಬಿರುಕು ಕಂಡಿತು, ಅದರ ಅಂಚಿಗೆ ಹಳೇ ಮಸಿ. ಅವರು ನೇರ ಬೆಂಚಿನ ಬಳಿ ಹೋದರು.

"ಅಣ್ಣಾ, ಈ ಗಾಡಿ ಓಡಿಸ್ವಾಗ ನಿಮಗೆ ತಲೆ ಸಿಡೀತಿತ್ತಾ?"

ಮುದುಕರು ತಲೆಯೆತ್ತಿದರು. "ಸಿಡೀತಿತ್ತು. ಚಳೀಲಿ ಕಿಟಕಿ ಹಾಕ್ಕೊಂಡ್ರಂತೂ ಕಣ್ಣು ಕತ್ಲೆ ಬರೋದು, ವಾಂತಿ ಆಗೋದು. ಇಳಿದ್ರೆ ಕಾಲು ತೂರಾಡೋದು."

"ಮ್ಯಾನಿಫೋಲ್ಡಿನ ಬಿರುಕಿಂದ ವಿಷದ ಹೊಗೆ ಪೆಡಲ್ ಸಂದೀಲಿ ಒಳಗೆ ಬರ್ತಿತ್ತು ಅಣ್ಣಾ. ಆಮೇಲೆ ಯಾರೋ ಬಿರುಕು ಮುಚ್ಚಿ ಮೇಲೆ ಬಣ್ಣ ಬಳಿದುಬಿಟ್ಟಿದಾರೆ."

ಮುದುಕರು ಹೆಂಡತಿಯ ಕಡೆ ತಿರುಗಲಿಲ್ಲ. "ಕುಡಿದಿಲ್ಲ ಅಂತ ಬಾಯಿ ಬಡ್ಕೊಂಡೆ" ಎಂದಷ್ಟೇ ಹೇಳಿದರು. ಆ ತಾಯಿ ಮ್ಯಾನಿಫೋಲ್ಡಿನ ಹತ್ತಿರ ಹೋಗಿ ಬಿರುಕಿನ ಮೇಲೆ ಬೆರಳಾಡಿಸಿದರು. ಬೆರಳು ಕಪ್ಪಾಯಿತು. ಹಿಂದಿರುಗಿ ಬಂದು ಗಂಡನ ಪಕ್ಕ ಕೂತು, "ನಾನೂ ನಂಬಲಿಲ್ವಲ್ರೀ" ಎಂದು ಅತ್ತುಬಿಟ್ಟರು. ಮುದುಕರು ಹೆಗಲ ಮೇಲಿನ ಟವೆಲ್ಲನ್ನು ಅವರ ಕೈಗಿಟ್ಟರು.

ಪಕ್ಕದ ಶೆಡ್ಡಿನವನು, ಸದ್ಯಕ್ಕೆ ಪುಟ್ಟಿ ಮೆತ್ತಿ ಮೆರವಣಿಗೆ ಮುಗಿಸಿಕೊಳ್ಳಿ, ಬಾನೆಟ್ ತೆಗೆದು ಯಾರು ನೋಡ್ತಾರೆ ಎಂದ. ಬಣ್ಣದಕ್ಕ ಖಡಾಖಂಡಿತವಾಗಿ ಹೇಳಿದರು: "ಬಿರುಕಿನ ಮೇಲೆ ನಾನು ಬಣ್ಣ ಹಾಕಲ್ಲ. ಬೇಕಾದ್ರೆ ತಗೊಂಡು ಹೋಗಿ." ಮಗಳು ಒಂದು ಕ್ಷಣವೂ ಯೋಚಿಸಲಿಲ್ಲ. "ಮೆರವಣಿಗೆ ಹಾಳಾಗ್ಹೋಗ್ಲಿ ಅಕ್ಕ, ನೀವು ಸರಿಯಾಗಿ ಮಾಡಿ" ಎಂದಳು.

ನಂಬಿಕಸ್ಥ ವೆಲ್ಡರ್ ಒಬ್ಬರು ಬಿರುಕು ಬೆಸೆದರು. ಬಣ್ಣದಕ್ಕ ಸೋರಿಕೆ ಪರೀಕ್ಷಿಸಿ, ಮತ್ತೆ ಮೊದಲಿನಿಂದ ಉಜ್ಜಿ, ಬಣ್ಣ ಹಾಕಿ ಬೇಯಿಸಿದರು. ಅಷ್ಟರಲ್ಲಿ ಮೆರವಣಿಗೆ ಮುಗಿದುಹೋಗಿತ್ತು. ಲಾರಿ ಹೊರಡುವ ದಿನ ಮುದುಕರು ಯಾರೂ ಕರೆಯದೆ ತಾವೇ ಡ್ರೈವರ್ ಸೀಟಿಗೆ ಹತ್ತಿದರು. ಪಕ್ಕದಲ್ಲಿ ಹೆಂಡತಿ. ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು ಇಳಿದಾಗ ಕಾಲು ತೂರಾಡಲಿಲ್ಲ. ಬೀದಿಯವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರಂತೆ.

ಆ ಮಾತೆತ್ತಿದರೆ ಬಣ್ಣದಕ್ಕ ನಾಚುತ್ತಾರೆ. "ನಂದೇನಿದೆ ಅದ್ರಲ್ಲಿ? ಕೆರೆದೆ, ಕಾಣಿಸ್ತು, ಹೇಳ್ದೆ." ಗನ್ನಿನ ಮೂತಿ ತೊಳೆಯುತ್ತಾ ಮಾತು ಸೇರಿಸುತ್ತಾರೆ: "ಇಷ್ಟು ಲಾರಿಗೆ ಬಣ್ಣ ಹೊಡೆದಿದೀನಿ, ಒಂದ್ರಲ್ಲೂ ದೂರ ಹೋಗಿಲ್ಲ. ಆ ಡ್ರೈವರಣ್ಣ ಬಾಮ್ಮ ಬಾಮ್ಮ ಅಂತ ಕರೀತಾನೇ ಇದಾರೆ. ಒಂದಿನ ಶೆಡ್ಡಿಗೆ ಬೀಗ ಹಾಕಿ ಹೋಗ್ಬೇಕು. ಅವರ ಪಕ್ಕ ಅವರ ಹೆಂಡ್ತಿ ಕೂರ್ಲಿ, ನನಗೆ ಬಾಗಿಲ ಹತ್ರ ಒಂಚೂರು ಜಾಗ ಸಾಕು."