ಆಯಿ ನನಗೆ ಹೇಳಿದ್ದು

ಒಬ್ಬ ತಾಯಿ ತಮ್ಮ ಮಗನಿಗೂ ಹೇಳದೆ ಎದೆಯಲ್ಲಿ ಹುಗಿದಿಟ್ಟುಕೊಂಡಿದ್ದ ಮಾತನ್ನು ನಾನು ಅವರ ಬಾಯಿಂದ ಕೇಳಿ, ಚಂದವಾಗಿ ಬರೆದು, ಅಚ್ಚು ಹಾಕಿಸಿದೆ. ಆ ಮಗ ನನ್ನ ಗೆಳೆಯ. ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಪಾತ್ರೆಯಲ್ಲಿ ಬೇಯಿಸಿಕೊಂಡು ಉಂಡವರು ನಾವು. ಇಷ್ಟು ಕೆಲವರಿಗಾದರೂ ಗೊತ್ತು. ಯಾರಿಗೂ ಗೊತ್ತಿಲ್ಲದ್ದು ಇನ್ನೊಂದಿದೆ — ಅವನು ನನ್ನೆದುರು ನಿಂತು ಒಂದು ಸುಳ್ಳನ್ನು ಬೇಡಿದ. ನಾನು ಕೊಡಲಿಲ್ಲ.

ಆ ಲೇಖನ ಓದಿದ ಮೈಸೂರಿನ ಹಿರಿಯರು ಈಗಲೂ ಎಲ್ಲಾದರೂ ಸಿಕ್ಕರೆ, “ಎಷ್ಟು ದಿಟ್ಟವಾಗಿ ನಿಜ ಬರೆದ್ರಿ ಕಣ್ರೀ” ಎನ್ನುತ್ತಾರೆ. ನಾನು ತಲೆ ತಗ್ಗಿಸುತ್ತೇನೆ. ಅವರು ಅದನ್ನು ವಿನಯವೆಂದುಕೊಳ್ಳುತ್ತಾರೆ.

ನಾಗೇಶ ಕಡಲ ಕಡೆಯವನು. ಕನ್ನಡದ ಸೀಮೆಗಳೆಲ್ಲ ಒಂದಾದ ಹೊಸದರಲ್ಲಿ, ಓದಲೆಂದು ಘಟ್ಟ ಹತ್ತಿ ಮೈಸೂರಿಗೆ ಬಂದ. ನಾನು ನಂಜನಗೂಡಿನ ಕಡೆಯ ಒಕ್ಕಲು ಮನೆಯ ಹುಡುಗ. ರಾಗಿ ಹೊಲ, ನಾಲೆ, ಎತ್ತು — ಇಷ್ಟೇ ನನ್ನ ಲೋಕ. ವಿದ್ಯಾರಣ್ಯಪುರದಲ್ಲಿ ಒಂದು ಮನೆಯ ಹಿತ್ತಲ ಕೋಣೆ ಹಿಡಿದು ಇಬ್ಬರೂ ಇದ್ದೆವು. ನಾನು ಮುದ್ದೆ ತಿರುವುತ್ತಿದ್ದೆ, ಅವನು ಅದನ್ನು ನುಂಗಲು ಕಲಿಯುತ್ತಿದ್ದ. ಮೊದಲ ಸಲ ಕುಕ್ಕರಹಳ್ಳಿ ಕೆರೆ ತೋರಿಸಲು ಕರೆದುಕೊಂಡು ಹೋದಾಗ ಏರಿಯ ಮೇಲೆ ನಿಂತು ಬಹಳ ಹೊತ್ತು ನೋಡಿ, “ಚಂದ ಅದೆ. ಆದ್ರೆ ಇದು ಉಸಿರಾಡೂದಿಲ್ಲ” ಎಂದ.

ನಾನು ಅದುವರೆಗೆ ಸಮುದ್ರ ಕಂಡವನಲ್ಲ. ಅವನು ಹೇಳುತ್ತಿದ್ದ, ನಾನು ಕೇಳುತ್ತಿದ್ದೆ. ಅವನ ನೆನಪುಗಳಲ್ಲಿ ಒಂದನ್ನು ಮತ್ತೆ ಮತ್ತೆ ಹೇಳಿಸುತ್ತಿದ್ದೆ. ಅವನಿಗೆ ನಾಲ್ಕೋ ಐದೋ ವರ್ಷವಿದ್ದಾಗ ಪೇಟ ಸುತ್ತಿದ ಪೊಲೀಸಿನವನೊಬ್ಬ ಅವನನ್ನು ದೋಣಿಯಲ್ಲಿ ಕೂರಿಸಿಕೊಂಡು, ಹೊಳೆ ಕಡಲಿಗೆ ಸೇರುವ ಅಳಿವೆಯವರೆಗೆ ಕರೆದೊಯ್ದಿದ್ದನಂತೆ. ಕೈಗೆ ಬೆಲ್ಲದ ಮಿಠಾಯಿ ಕೊಟ್ಟನಂತೆ. ಅಲೆ ಏರಿದಾಗಲೆಲ್ಲ ದೋಣಿ ಆಕಾಶಕ್ಕೆ ಹೋಗುತ್ತಿತ್ತು. ದಡದಲ್ಲಿ ನಿಂತ ತಾಯಿ ಅವನಿಗೆ ಕೈ ಬೀಸುತ್ತಿದ್ದರು. “ನಾ ನಗ್ತಾನೇ ಇದ್ದೆ ಮಾರಾಯ. ಅಷ್ಟು ಖುಷಿ ಮತ್ತೆ ಯಾವತ್ತೂ ಆಗ್ಲಿಲ್ಲ” ಎನ್ನುತ್ತಿದ್ದ.

ಬೇಸಿಗೆ ರಜೆಯಲ್ಲಿ ಅವನ ಜೊತೆ ಊರಿಗೆ ಹೋದೆ.

ಆ ಊರನ್ನು ಹೇಗೆ ಹೇಳಲಿ — ಒಮ್ಮೆ ಹೇಳಿ ಕೆಡಿಸಿದವನು ನಾನು. ಎರಡು ಗುಡ್ಡಗಳು ತೋಳು ಚಾಚಿದ ಹಾಗೆ ಕಡಲಿಗೆ ಇಳಿದಿವೆ, ನಡುವೆ ಊರು. ಕೆಂಪು ಕಲ್ಲಿನ ಗೋಡೆ, ತೆಂಗಿನ ಗರಿಯ ಮಾಡು. ಮನೆಗಳ ಹಿಂದೆ ಸುರಹೊನ್ನೆ ಮರಗಳು. ಬೆಳಿಗ್ಗೆ ಹೂವು ಉದುರಿ ಮರಳಿಗೇ ಪರಿಮಳ ಹತ್ತುತ್ತಿತ್ತು. ಅಲೆಯ ನೊರೆ ಮುಟ್ಟುವಷ್ಟು ಹತ್ತಿರ ಒಂದು ಬಾವಿ, ಅದರ ನೀರು ಎಳನೀರಿನಂತೆ ಸಿಹಿ. ಒಂದು ಕಾಲಕ್ಕೆ ಘಟ್ಟದ ಮೇಲಿನ ಮೆಣಸು ಎತ್ತುಗಳ ಬೆನ್ನ ಮೇಲೆ ಇಳಿದು ಬಂದು ಇಲ್ಲಿಂದ ಹಡಗು ಹತ್ತುತ್ತಿತ್ತಂತೆ. ಬಡಗಣ ಗುಡ್ಡದ ಮೇಲೆ ಒಡೆದ ಕೋಟೆಗೋಡೆ. ಯಾವ ಅರಸ ಕಟ್ಟಿಸಿದ, ಯಾವ ಪರಂಗಿಯವರು ಕೆಡವಿದರು — ಊರಲ್ಲಿ ಮೂರು ಕಥೆಗಳಿದ್ದವು, ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹೊಳೆಯ ದಡದುದ್ದಕ್ಕೂ ಉಪ್ಪು ಬೆಳೆಯುವ ಗದ್ದೆಗಳು. ಸಂಜೆ ಬಿಸಿಲಿಗೆ ಉಪ್ಪಿನ ರಾಶಿಗಳು ಕುಂಕುಮದ ರಾಶಿಗಳಾಗುತ್ತಿದ್ದವು. ನಾನು ಹುಚ್ಚನಂತೆ ಓಡಾಡಿದೆ.

ತೆಂಕಣ ಗುಡ್ಡದ ಬುಡದಲ್ಲಿ ಒಂದು ಗವಿ. ಕಡಲು ಇಳಿದಾಗ ಮಾತ್ರ ಅದರ ಬಾಯಿಗೆ ನಡೆದು ಹೋಗಬಹುದು. ಅಲ್ಲಿ ನಿಂತು ನಾಗೇಶ ಆ ಕಥೆ ಹೇಳಿದ. ಚಲೇಜಾವ್ ಚಳವಳಿಯ ಕಾಲ. ಊರಿನ ಮೂವರು ಹುಡುಗರು ಸರಕಾರದ ಮರದ ಡಿಪೊಗೆ ಬೆಂಕಿ ಇಟ್ಟು ಬಂದು ಆ ಗವಿಯಲ್ಲಿ ಅಡಗಿದ್ದರು. ಯಾರೋ ಜಾಗ ಹೇಳಿಕೊಟ್ಟರು. ಪೊಲೀಸರು ದೋಣಿಯಲ್ಲಿ ಬಂದರು. ಇಬ್ಬರು ಸಿಕ್ಕಿಬಿದ್ದರು, ಮೂರನೆಯವನು ಬಂಡೆಯಿಂದ ಕಡಲಿಗೆ ಹಾರಿದ, ಹೆಣವೂ ಸಿಗಲಿಲ್ಲ. ಹೇಳಿಕೊಟ್ಟವನು ಹೊಳೆ ದಾಟಿಸುವ ಗಣಪ ಎಂದು ಊರು ತೀರ್ಮಾನಿಸಿತು. ಪೊಲೀಸರು ಬಂದದ್ದು ಅವನ ದೋಣಿಯಲ್ಲಿ. ಆಮೇಲೆ ಯಾರೂ ಅವನ ದೋಣಿ ಹತ್ತಲಿಲ್ಲ, ಅವನ ಮನೆಗೆ ಬೆಂಕಿ ಕೆಂಡವನ್ನೂ ಕೊಡಲಿಲ್ಲ. ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟು ಹೋಗಿ ಬೇರೆಲ್ಲೋ ಸತ್ತನಂತೆ.

ನಾಗೇಶ ತಾಯಿಯನ್ನು ಆಯಿ ಎನ್ನುತ್ತಿದ್ದ. ನಾನೂ ಹಾಗೇ ಕರೆದೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಉಪ್ಪಿನ ಗದ್ದೆಯಲ್ಲಿ ದುಡಿದು ಮಗನನ್ನು ಓದಿಸಿದವರು. ಒಂದು ಮಧ್ಯಾಹ್ನ ನಾಗೇಶ ನೆರೆಯೂರಿಗೆ ಹೋಗಿದ್ದ. ಕಡಲು ಇಳಿದಿತ್ತು; ಮರಳ ದಿಬ್ಬದಲ್ಲಿ ಚಿಪ್ಪುಮೀನು ಹೆಕ್ಕಲು ಆಯಿ ಹೊರಟಾಗ ನಾನೂ ಬುಟ್ಟಿ ಹಿಡಿದು ಹೋದೆ. ಏನಾದರೂ ಮಾತು ಬೇಕಲ್ಲ ಎಂದು, “ನಾಗೇಶನ್ನ ದೋಣೀಲಿ ಕರ್ಕೊಂಡೋದ ಆ ಪೊಲೀಸಪ್ಪ ಯಾರು ಆಯಿ?” ಎಂದು ನಗುತ್ತ ಕೇಳಿದೆ.

ಮರಳು ಕೆದಕುತ್ತಿದ್ದ ಅವರ ಕೈ ನಿಂತಿತು.

“ಮಿಠಾಯಿ ಕೊಟ್ರು ಅಂತ ಹೇಳ್ತಾನೆ, ಅಲ್ದಾ?” ಎಂದರು. ಆಮೇಲೆ ನನ್ನ ಕಡೆ ನೋಡದೆ, ನೀರಿನ ಕಡೆ ನೋಡುತ್ತ ಹೇಳಿದರು. “ಗವಿಗೆ ಅನ್ನ ಒಯ್ತಿದ್ದವಳು ನಾನೇ ತಮಾ. ಅವರಿಗೆ ಸಂಶಯ ಬಂತು. ಕೇಳಿದ್ರು, ಹೊಡೆದ್ರು. ನಾ ಹೇಳ್ಲಿಲ್ಲ. ಮತ್ತೆ ಮಗೂನ ದೋಣಿಗೆ ಹಾಕಿದ್ರು. ಅಳಿವೆಗೆ ಒಯ್ದು, ನೀರಿನ ಮೇಲೆ ಎತ್ತಿ ಹಿಡಿದ್ರು. ಅಂವ ಆಟ ಅಂತ ನಗ್ತಿದ್ದ. ನಾ ಕೈ ಬೀಸಿದೆ — ಅಂವನಿಗಲ್ಲ. ಗವಿ ಬದಿಗೆ.”

ಅವರು ಹೆಕ್ಕಿಟ್ಟ ಚಿಪ್ಪುಗಳನ್ನು ನಾನು ಬುಟ್ಟಿಗೆ ತುಂಬಿದೆ.

“ಗಣಪ ಪಾಪದಂವ. ಎಲ್ಲ ಅಂವನ ತಲೆ ಮೇಲೆ ಬಂತು. ನಾ ಬಾಯಿ ಬಿಡಲಿಲ್ಲ.” ಬುಟ್ಟಿ ಎತ್ತಿಕೊಂಡರು. “ನಾಗೇಶಂಗೆ ಹೇಳಬೇಡ ತಮಾ. ನಾನೇ ಹೇಳ್ತೆ ಒಂದಿನ. ನೀ ಘಟ್ಟದ ಮೇಲಿನಂವ. ನಿಂಗೆ ಹೇಳಿದ್ರೆ ಕಲ್ಲಿಗೆ ಹೇಳಿದ ಹಾಗೆ.”

“ಹೇಳಲ್ಲ ಆಯಿ” ಎಂದೆ. ಮನಸ್ಸಿನಿಂದಲೇ ಹೇಳಿದ್ದೆ, ಆ ಹೊತ್ತಿಗೆ.

ಆಗ ಮೈಸೂರಿನ ಒಂದು ಮಾಸಪತ್ರಿಕೆ, ಹೊಸದಾಗಿ ಕೂಡಿಕೊಂಡ ಸೀಮೆಗಳ ಊರುಗಳನ್ನು ಪರಿಚಯಿಸುವ ಲೇಖನಗಳನ್ನು ಹಾಕುತ್ತಿತ್ತು. ನಾನು ಆ ಊರಿನ ಚರಿತ್ರೆ, ಕಡಲು, ಕೋಟೆ, ಸುರಹೊನ್ನೆ ಎಲ್ಲವನ್ನೂ ಬರೆದು ಯಾದವಗಿರಿಯಲ್ಲಿದ್ದ ಸಂಪಾದಕರ ಮನೆಗೆ ಕೊಂಡುಹೋದೆ. ಅವರು ಓದಿ, ಕನ್ನಡಕ ತೆಗೆದು, “ಚೆನ್ನಾಗಿದೆ ಕಣಪ್ಪ. ಆದ್ರೆ ಊರಿದೆ, ಊರಲ್ಲಿ ಮನುಷ್ಯರೇ ಇಲ್ವಲ್ಲ” ಎಂದರು.

ವಾಪಸು ತಂದೆ. ನಾಗೇಶ ಕಾಲೇಜಿಗೆ ಹೋಗಿದ್ದಾಗ, ಅವನ ಚಾಪೆಯ ಪಕ್ಕದಲ್ಲೇ ಕೂತು, ಆಯಿ ಹೇಳಿದ್ದನ್ನು ಬರೆದೆ. ಯಾರ ಹೆಸರೂ ಹಾಕಲಿಲ್ಲ. ‘ಒಬ್ಬ ತಾಯಿ’ ಎಂದೆ, ‘ಒಂದು ಮಗು’ ಎಂದೆ. ಕೈ ಬೀಸಿದ್ದನ್ನು ಬಿಟ್ಟೆ — ದೋಣಿಯ ಜೊತೆ ಅದನ್ನೂ ಓದಿದರೆ ನಾಗೇಶನಿಗೆ ಅನುಮಾನವೇ ಉಳಿಯದು ಎಂಬ ಎಚ್ಚರ ನನಗಿತ್ತು. ಅಂದರೆ ನಾನು ಏನು ಮಾಡುತ್ತಿದ್ದೇನೆಂದು ನನಗೆ ಗೊತ್ತಿತ್ತು. ಬರೆಯುತ್ತ ಬರೆಯುತ್ತ ನನ್ನ ಕಣ್ಣಲ್ಲಿ ನೀರು ಬಂತು. ಎಷ್ಟು ಚೆನ್ನಾಗಿ ಬರೆಯುತ್ತಿದ್ದೇನೆ ಎಂದು ಬಂದ ನೀರು ಅದು.

ಸಂಪಾದಕರು ಒಳ್ಳೆಯವರು. “ಈ ತಾಯಿನ ಕೇಳಿದ್ದೀಯೇನಪ್ಪ? ಬರೀಲಿ ಅಂದ್ರಾ?” ಎಂದು ಕೇಳಿದರು.

“ಒಪ್ಪಿದ್ದಾರೆ ಸಾರ್” ಎಂದೆ.

ಲೇಖನ ಬಂತು. ಅಧ್ಯಾಪಕರು ಕರೆದು ಬೆನ್ನು ತಟ್ಟಿದರು. ನಾಗೇಶ ಕೇಳಿದಾಗ, ಊರಿನ ವರ್ಣನೆ ಇರುವ ಮೊದಲ ಪುಟಗಳನ್ನಷ್ಟೇ ಓದಿ ಹೇಳಿದೆ. ಅವನು ಹಿಗ್ಗಿ, “ಆಯಿಗೆ ಒಂದು ಪ್ರತಿ ಕಳಿಸುವ” ಎಂದ. ಏನೋ ನೆಪ ಹೇಳಿ ತಪ್ಪಿಸಿದೆ. ಆದರೆ ಪತ್ರಿಕೆಗೆ ನನ್ನ ನೆಪ ಗೊತ್ತಿರಲಿಲ್ಲ. ಅದು ಆ ಊರಿನ ವಾಚನಾಲಯಕ್ಕೂ ಹೋಗುತ್ತಿತ್ತು. ಮೈಸೂರಿನಿಂದ ಬಂದ ಹುಡುಗ ಉಳಿದಿದ್ದು ಯಾರ ಮನೆಯಲ್ಲೆಂದು ಯಾರಿಗೆ ತಿಳಿಯದು? ತಾಯಿ ಯಾರು, ಮಗು ಯಾರು ಎಂದು ಹುಡುಕಬೇಕಾದ್ದೇ ಇರಲಿಲ್ಲ.

ಆಯಿಗೆ ಹುಷಾರಿಲ್ಲವೆಂದು ಊರಿನಿಂದ ಯಾರೋ ಬಂದು ನಾಗೇಶನನ್ನು ಕರೆದುಕೊಂಡು ಹೋದರು. ಅವನು ತಿರುಗಿ ಬಂದದ್ದು ಒಂದು ಮಧ್ಯಾಹ್ನ. ನಾನು ಅಕ್ಕಿ ಆರಿಸುತ್ತಿದ್ದೆ. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ. ದಾಡಿ ಬೆಳೆದಿತ್ತು.

“ಅಂಗಳದಲ್ಲಿ ಊರವರೆಲ್ಲ ನಿಂತು ಕೇಳಿದ್ರು” ಎಂದ. “ಗವಿ ಜಾಗ ತಾನು ಹೇಳೇ ಇಲ್ಲ ಅಂತಾಳೆ ಆಯಿ. ದೀಪ ಮುಟ್ಟಿ ಆಣೆ ಮಾಡಿದ್ಲು.”

ನಾನು ಮೊರ ಕೆಳಗಿಟ್ಟೆ.

“ನಾ ಹೇಳಿದ ದೋಣಿ ಕಥೆ ತಕಂಡು ಉಳಿದದ್ದು ನೀನೇ ಕಟ್ಟಿದ್ದು. ಅಲ್ದಾ?” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಹೌದು ಅಂತ ಹೇಳು. ನಾ ಸಿಟ್ಟಾಗೂದಿಲ್ಲ. ಕಥೆ ಚಂದ ಆಗ್ಲಿ ಅಂತ ಬರೆದೆ, ಅಷ್ಟೇ ಅಲ್ದಾ?”

ಅವನು ನಂಬಲು ಸಿದ್ಧನಾಗಿ ಬಂದಿದ್ದ. ನಾನು ಹೌದು ಎಂದಿದ್ದರೆ ನನ್ನನ್ನು ಕ್ಷಮಿಸುತ್ತಿದ್ದ, ತಾಯಿಯನ್ನು ಉಳಿಸಿಕೊಳ್ಳುತ್ತಿದ್ದ. ಅವನ ಕಣ್ಣಲ್ಲಿ ಇದೆಲ್ಲ ನನಗೆ ಸ್ಪಷ್ಟವಾಗಿ ಕಂಡಿತ್ತು — ಕಾಣಲಿಲ್ಲ ಎಂದು ಹೇಳಲಾರೆ. ಆದರೆ ನನಗೆ ಕೇಳಿಸಿದ್ದು ಒಂದೇ ಮಾತು: ಕಟ್ಟಿದ್ದು. ಮೈಸೂರೆಲ್ಲ ಮೆಚ್ಚಿದ ನನ್ನ ಬರಹವನ್ನು ಇವನು ಕಟ್ಟುಕತೆ ಎನ್ನುತ್ತಿದ್ದಾನೆ...

“ನಾನು ಒಂದಕ್ಷರಾನೂ ಕಟ್ಟಿಲ್ಲ ಕಣೋ” ಎಂದುಬಿಟ್ಟೆ. “ನಿಮ್ಮಮ್ಮನೇ ಹೇಳಿದ್ದು. ಬರೀದೆ ಬಿಟ್ಟಿರೋದೂ ಒಂದಿದೆ, ಕೇಳು. ಅವತ್ತು ದಡದಲ್ಲಿ ನಿಂತು ಕೈ ಬೀಸಿದ್ದು ನಿಂಗಲ್ಲ. ಗವಿ ತೋರಿಸ್ತಿದ್ರು.”

ನಾಗೇಶ ಅಳಲಿಲ್ಲ, ಬೈಯಲಿಲ್ಲ. ಒಳಗೆ ಬಂದು ತನ್ನ ಟ್ರಂಕು, ಚಾಪೆ ತೆಗೆದುಕೊಂಡ. ಒಲೆಯ ಮೇಲಿದ್ದ ನಮ್ಮ ಪಾತ್ರೆಯನ್ನು ಇಳಿಸಿ ಬದಿಗಿಟ್ಟ. ಅದೇಕೆ ಹಾಗೆ ಮಾಡಿದನೋ. ಹೋದ. ಪರೀಕ್ಷೆಗೂ ಕೂರಲಿಲ್ಲ. ಊರಿಗೂ ಹೋಗದೆ ಮುಂಬಯಿ ಸೇರಿದನೆಂದು ಯಾರೋ ಹೇಳಿದರು.

ಗಣಪನ ಮೇಲಿದ್ದ ಕಳಂಕ ನನ್ನಿಂದ ಅಳಿಯಿತೆಂದು ಹೇಳುವವರಿದ್ದಾರೆ. ಅದು ನಿಜ. ಆಯಿಯ ಆಣೆಯನ್ನು ಊರವರು ನಂಬಲಿಲ್ಲ; ಗಣಪನ ಮಗನನ್ನು ಅವರೇ ಹೋಗಿ ಕರೆತಂದು ಹೊಳೆ ದಾಟಿಸುವ ಕಡವಿನ ದೋಣಿ ಕೊಟ್ಟರು. ಆದರೆ ಬರೆಯುವಾಗಲಾಗಲಿ, ನಾಗೇಶನಿಗೆ ಆ ಉತ್ತರ ಕೊಡುವಾಗಲಾಗಲಿ ಗಣಪ ನನ್ನ ಮನಸ್ಸಿನಲ್ಲಿ ಒಂದು ಗಳಿಗೆಯೂ ಇರಲಿಲ್ಲ. ಇರದಿದ್ದ ಪುಣ್ಯವನ್ನು ನಾನು ನನ್ನ ಲೆಕ್ಕಕ್ಕೆ ಬರೆದುಕೊಳ್ಳಲಾರೆ.

ಕೆಲವು ವರ್ಷ ಕಳೆದು, ಧೈರ್ಯ ಸಾಲದಿದ್ದರೂ, ಒಂದು ಸಲ ಆ ಊರಿಗೆ ಹೋದೆ. ಆಯಿ ಅಂಗಳದಲ್ಲಿ ಒಬ್ಬರೇ ಕೂತು ತೆಂಗಿನ ಗರಿ ಹೆಣೆಯುತ್ತಿದ್ದರು. ಗುರುತು ಹಿಡಿದರು. ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ಕಾಲ ಬಳಿ ಕೂತೆ. ತಪ್ಪಾಯಿತು ಎಂದೆ, ಆ ಮಾತು ಎಷ್ಟು ಸಣ್ಣದೆಂದು ಹೇಳಿದ ಮೇಲೆ ತಿಳಿಯಿತು.

“ಅಂವ ಸಿಕ್ಕನಾ?” ಎಂದು ಕೇಳಿದರು.

“ಇಲ್ಲ ಆಯಿ.”

ಬಹಳ ಹೊತ್ತು ಗರಿ ಹೆಣೆದರು. “ಗಣಪನ ಮಗ ಬಂದಾಗ ಹೋಗಿ ಕಾಲು ಹಿಡಿದೆ. ಅದೊಂದು ಆಯ್ತು” ಎಂದರು. “ಆದ್ರೆ ನಾಗೇಶಂಗೆ ನಾ ಹೇಳಬೇಕಿತ್ತು ತಮಾ. ಅಂವನ ಎದುರು ಕೂರಿಸ್ಕಂಡು, ತಲೆ ಮುಟ್ಟಿ ಹೇಳಬೇಕು ಅಂತ ಇಟ್ಕಂಡಿದ್ದೆ. ಹೆದರಿ ಹೆದರಿ ದಿನ ದೂಡಿದೆ. ಆ ಮಾತನ್ನ ನೀ ತಕಂಡು ಹೋದೆ. ನಂಗೆ ಹೇಳೂಕೆ ಎಂತದೂ ಉಳೀಲಿಲ್ಲ.”

ನಾನು ಏಳುವಾಗ ಮತ್ತೆ ಹೇಳಿದರು: “ಅಂವ ಸಿಕ್ಕರೆ ನನ್ನ ಕಡೆಯಿಂದ ಎಂತ ವಿವರಣೆಯೂ ಕೊಡಬೇಡ. ಬಾ ಅಂದಳು ಅಂತ ಹೇಳು, ಅಷ್ಟೇ.”

ಮುಂಬಯಿಯಲ್ಲಿ ಕನ್ನಡಿಗರ ಹೋಟೆಲು, ಖಾನಾವಳಿಗಳಲ್ಲಿ ವಿಚಾರಿಸಿ ವಿಚಾರಿಸಿ ಕೊನೆಗೆ ಅವನಿದ್ದ ಚಾಳು ಪತ್ತೆಯಾಯಿತು. ಬಾಗಿಲು ತೆರೆದವನು ಅವನೇ; ಕೂದಲು ಆಗಲೇ ನರೆತಿತ್ತು. ನಾನು ದಾರಿಯುದ್ದಕ್ಕೂ ಎಷ್ಟೋ ಮಾತು ಜೋಡಿಸಿಕೊಂಡು ಬಂದಿದ್ದೆ. ಒಂದನ್ನೂ ಆಡಲಿಲ್ಲ.

“ಆಯಿ ಬಾ ಅಂದ್ರು” ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಏನಾದರೂ ಕೇಳುತ್ತಾನೆ, ಹೇಗಿದ್ದಾಳೆ ಎಂದಾದರೂ ಕೇಳುತ್ತಾನೆ ಎಂದು ಕಾದೆ. ಅವನು ಕೇಳಿದ್ದು ಇಷ್ಟು:

“ಇದನ್ನೂ ಬರೀತ್ಯಾ?”

“ಇಲ್ಲ” ಎಂದೆ.

ಬಾಗಿಲು ಹಾಕಿಕೊಂಡ. ಮುಂದಿನ ಮಳೆಗಾಲದಲ್ಲಿ ಆಯಿ ತೀರಿಕೊಂಡರು. ಅದಕ್ಕೆ ಮೊದಲು ಅವನು ಹೋದನೋ ಇಲ್ಲವೋ ನನಗೆ ತಿಳಿಯದು. ತಿಳಿಯಲು ನಾನು ಯಾರು. ಮೆಚ್ಚುವವರ ಮುಂದೆ ಇನ್ನು ಸುಮ್ಮನೆ ತಲೆ ತಗ್ಗಿಸಿ ನಿಲ್ಲಲಾರೆ ಎಂದು ಇದನ್ನೆಲ್ಲ ಬರೆದೆ. ಅದು ಸಾಕಾಗುವ ಕಾರಣವಲ್ಲ. ಆ ಬಾಗಿಲಲ್ಲಿ ಅವನಿಗೆ ಕೊಟ್ಟ ಮಾತು ಒಂದೇ ಒಂದು — ಈ ಸಾಲು ಬರೆಯುವ ಹೊತ್ತಿಗೆ ಅದನ್ನೂ ಮುರಿದಿದ್ದೇನೆ.