ಬಿಸಿಯಾದರೆ ನಿಂತುಬಿಡುತ್ತಿದ್ದ ಹೊಸ ಕಾರು

ನಮ್ಮತ್ತೆಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದ ವರ್ಷವೇ ನಾವು ಕಾರು ಕೊಂಡೆವು. ತೊಂಬತ್ತರ ದಶಕದ ನಡುವಿನ ಮಾತು. ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲಿ ಆಗ ಇನ್ನೊಂದು ಕಾರಿರಲಿಲ್ಲ. ನಮಗದು ಷೋಕಿಯಲ್ಲ. ಕೈಕಾಲಿಗೆ ವ್ಯಾಯಾಮ ಮಾಡಿಸುವ ಡಾಕ್ಟರು ಇದ್ದದ್ದು ಚಾಮರಾಜನಗರದಲ್ಲಿ. ವಾರಕ್ಕೆರಡು ಸಲ ತಪ್ಪದೆ ಕರೆತರಬೇಕು, ಮೊದಲ ಕೆಲವು ತಿಂಗಳಲ್ಲಿ ಬಂದಷ್ಟೇ ಚೇತರಿಕೆ, ಆಮೇಲೆ ಬೆರಳುಗಳು ಮಡಚಿದ ಹಾಗೇ ಗಟ್ಟಿಯಾಗಿಬಿಡುತ್ತವೆ ಎಂದು ಅವರು ಖಡಾಖಂಡಿತವಾಗಿ ಹೇಳಿದ್ದರು. ಅತ್ತೆ ದಪ್ಪ ಹೆಂಗಸು. ಅವರನ್ನು ಬಸ್ಸಿಗೆ ಹತ್ತಿಸಿ ಇಳಿಸುವುದು ನಮ್ಮಿಬ್ಬರಿಂದ ಆಗುವ ಕೆಲಸವಾಗಿರಲಿಲ್ಲ.

ನಮ್ಮನೆಯವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ನಾನು ಬೇಗೂರಿನ ಶಾಲೆಯಲ್ಲಿ ಟೀಚರು. ಇಬ್ಬರೂ ಸಾಲ ತೆಗೆದು ಕಾರು ತಂದೆವು. ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆಯದೆ ಅತ್ತೆಯನ್ನು ಹಿಂದೆ ಮಲಗಿಸಿಕೊಂಡು ಹೊರಟ ಮೊದಲ ದಿನವೇ, ತೆರಕಣಾಂಬಿ ದಾಟುತ್ತಿದ್ದ ಹಾಗೆ ಕಾರು ಎರಡು ಸಲ ಮುಗ್ಗರಿಸಿ ನಿಂತಿತು. ಕೀ ತಿರುಗಿಸಿದರೆ ಕರಕರ ಅನ್ನುತ್ತಿತ್ತೇ ಹೊರತು ಸ್ಟಾರ್ಟ್ ಆಗಲಿಲ್ಲ. ಬಿಸಿಲು ಏರುತ್ತಿತ್ತು. ಕೊನೆಗೆ ಗುಂಡ್ಲುಪೇಟೆ ಕಡೆಯ ಬಸ್ಸೊಂದು ನಿಂತು, ಅದರಲ್ಲಿದ್ದ ಗಂಡಸರು ಇಳಿದು, ಅತ್ತೆಯನ್ನು ದುಪ್ಪಟಿಯಲ್ಲಿ ಎತ್ತಿ ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಅಪರಿಚಿತರ ಕೈಯಲ್ಲಿ ತೂಗಾಡುತ್ತಾ ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಸಂಜೆ ತಂಪಾದ ಮೇಲೆ ಕಾರು ಏನೂ ಆಗಿಲ್ಲವೆನ್ನುವಂತೆ ಸ್ಟಾರ್ಟ್ ಆಯಿತು.

ಅದೇ ಆ ಕಾರಿನ ರೋಗ. ಊರೊಳಗೆ ಓಡಾಡಿದರೆ ಗೊತ್ತೇ ಆಗುತ್ತಿರಲಿಲ್ಲ. ದೂರ ಹೋಗಿ ಇಂಜಿನ್ ಕಾದರೆ ನಿಲ್ಲುತ್ತಿತ್ತು, ಆರುವ ತನಕ ಮಿಸುಕುತ್ತಿರಲಿಲ್ಲ. ಮೈಸೂರಿನ ಷೋರೂಮಿಗೆ ದಾರಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಒಯ್ದೆವು. ಅವರು ಒಂದು ಸಲ ಪೆಟ್ರೋಲ್ ಪಂಪ್ ಬದಲಾಯಿಸಿದರು, ಇನ್ನೊಂದು ಸಲ ಇಂಜಿನ್ನಿಗೆ ಕಿಡಿ ಕೊಡುವ ಕಾಯಿಲ್ ಕೆಟ್ಟಿದೆ ಎಂದರು. ವಾಪಸು ಬರುವಾಗ ಬೇಗೂರಿನ ಹತ್ತಿರ ಮತ್ತೆ ನಿಂತಿತು. ಮತ್ತೆ ಷೋರೂಮಿಗೆ ಹೋಗಿ, ಬೇರೆ ಕಾರು ಕೊಡಿ ಎಂದು ಮ್ಯಾನೇಜರನ್ನು ನಾನು ಬಾಯಿಬಿಟ್ಟು ಕೇಳಿದೆ.

ಮ್ಯಾನೇಜರು ನಕ್ಕರು. "ಕಾರು ಅಂದ್ರೆ ಸೀರೆ ಅಲ್ಲ ಮೇಡಂ, ಬಣ್ಣ ಹೋಯ್ತು ಅಂತ ವಾಪಸ್ ಕೊಡೋಕೆ. ಹೊಸ ಗಾಡಿ, ಸ್ವಲ್ಪ ಓಡಿದ್ರೆ ಸೆಟ್ ಆಗುತ್ತೆ."

ನಮ್ಮನೆಯವರು ತಲೆ ತಗ್ಗಿಸಿಕೊಂಡು ಕೂತಿದ್ದರು. ಅವರದು ಜಗಳವಾಡುವ ಜೀವವಲ್ಲ.

ಆಮೇಲಿನ ವಾರಗಳೆಲ್ಲ ಹೀಗೇ ಕಳೆದವು. ಬಾಡಿಗೆ ಕಾರು ಕರೆದರೆ ಒಮ್ಮೆ ಸಿಕ್ಕರೆ ಹತ್ತು ಸಲ ಇಲ್ಲ. ಸ್ವಂತ ಕಾರು ಅಂಗಳದಲ್ಲಿ ಮಿರಮಿರ ಹೊಳೆಯುತ್ತಾ ನಿಂತಿರುತ್ತಿತ್ತು. ಶಾಲೆ ಬಿಟ್ಟ ಮೇಲೆ ನಾನು ಎಸ್‌ಟಿಡಿ ಬೂತಿನಲ್ಲಿ ನಿಂತು ಷೋರೂಮಿಗೆ ಫೋನ್ ಮಾಡುತ್ತಿದ್ದೆ. ಸಾಹೇಬರು ಊಟಕ್ಕೆ ಹೋಗಿದ್ದಾರೆ, ಮೀಟಿಂಗಿನಲ್ಲಿದ್ದಾರೆ. ಮನೆಗೆ ಬಂದರೆ ಅತ್ತೆ ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ ಕೂತಿರುತ್ತಿದ್ದರು. ಬಿಟ್ಟ ಕೂಡಲೇ ಅವು ಮತ್ತೆ ಮಡಚಿಕೊಳ್ಳುತ್ತಿದ್ದವು. ಅದನ್ನು ನೋಡಲಾರದೆ ನಾನು ಒಲೆಯ ಮುಂದೆ ಹೋಗಿ ಕೂರುತ್ತಿದ್ದೆ.

ಎಷ್ಟೋ ವಾರ ಗೋಗರೆದ ಮೇಲೆ, ಕಾರು ತಯಾರಿಸಿದ ಕಂಪನಿಯವರು ಬೆಂಗಳೂರಿನಿಂದ ಒಬ್ಬ ಇಂಜಿನಿಯರನ್ನು ಕಳಿಸಿದರು. ಸಣ್ಣ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಷರ್ಟು. ಕಾರನ್ನು ಬಸ್ ಸ್ಟ್ಯಾಂಡಿನವರೆಗೆ ಓಡಿಸಿಕೊಂಡು ಬಂದು, "ಗಾಡಿ ಚೆನ್ನಾಗೇ ಇದೆಯಲ್ಲ ಸಾರ್" ಎಂದರು.

ಜಗಲಿಯ ಮೇಲೆ ಕೂತಿದ್ದ ಅತ್ತೆ ಕರೆದರು. "ಬಾಪ್ಪ ಇಲ್ಲಿ. ಚೆನ್ನಾಗದೆ ಅಂದ್ರೆ ನನ್ನೂ ಕೂರುಸ್ಕಂಡು ಚಾಮ್ರಾಜನಗರಕ್ಕೆ ಓಡ್ಸು. ನಾನೂ ನೋಡ್ತೀನಿ."

ಇಂಜಿನಿಯರು ನಮ್ಮನೆಯವರ ಮುಖ ನೋಡಿದರು. ಒಲ್ಲೆ ಎನ್ನಲು ನಾಚಿಕೆಯಾಗಿರಬೇಕು, ಒಪ್ಪಿದರು.

ಪ್ರಯಾಣವಿದ್ದರೆ ಬೆಳಗಿನಿಂದ ನೀರನ್ನೂ ಮುಟ್ಟುತ್ತಿರದ ಅತ್ತೆ, ಅಂದು ಹೊರಡುವ ಮುಂಚೆ ಮಜ್ಜಿಗೆ ಕೇಳಿದರು. ಕುಡಿದು ಮತ್ತೆ ಕೇಳಿದರು. ಬೇಡ ಅತ್ತೆ, ದಾರಿಯಲ್ಲಿ ಕಷ್ಟವಾಗುತ್ತದೆ ಎಂದೆ. "ಕೊಡು ಕಣಮ್ಮಿ, ಬಾಯಾರ್ತದೆ" ಎಂದರು. ಬೇಕೆಂದೇ ಕುಡಿದರೇ ಎಂದು ಕೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

ತೆರಕಣಾಂಬಿ ದಾಟಿ ಕೊಂಚ ದೂರ ಹೋದ ಮೇಲೆ ಕಾರು ಮುಗ್ಗರಿಸಿ ನಿಂತಿತು. ಎರಡೂ ಕಡೆ ಉತ್ತ ಹೊಲ, ಒಂದು ಮರವಿಲ್ಲ. ಇಂಜಿನಿಯರು ಬಾನೆಟ್ ಎತ್ತಿ ಅದು ಇದು ಬಿಚ್ಚಿ ನೋಡಿದರು. ಬಿಳಿ ಷರ್ಟು ಬೆನ್ನಿಗೆ ಅಂಟಿಕೊಂಡಿತು. ಬಸ್ಸುಗಳೂ ಸುಳಿಯಲಿಲ್ಲ. ಒಳಗೆ ಅತ್ತೆ ನನ್ನ ಸೆರಗು ಹಿಡಿದೆಳೆದರು.

"ತಡಿಯಕಾಗಕಿಲ್ಲ ಕಣಮ್ಮಿ" ಎಂದರು ಮೆಲ್ಲಗೆ.

ನಾನೂ ನಮ್ಮನೆಯವರೂ ಅವರನ್ನು ಇಳಿಸಿದೆವು. ಬಿದ್ದುಹೋಗದಂತೆ ಹಿಡಿದುಕೊಳ್ಳಲು ನಮ್ಮಿಬ್ಬರ ನಾಲ್ಕೂ ಕೈ ಬೇಕಾಗಿತ್ತು. ಮರೆ ಹಿಡಿಯುವವರಿರಲಿಲ್ಲ. ರಸ್ತೆಯಲ್ಲಿ ಅಷ್ಟು ದೂರದಲ್ಲಿ ಲಾರಿಯೊಂದು ಬರುತ್ತಿತ್ತು. ಆಗ ಇಂಜಿನಿಯರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಸೀಟಿನ ಮೇಲಿದ್ದ ದುಪ್ಪಟಿ ತೆಗೆದುಕೊಂಡು, ನಮಗೆ ಬೆನ್ನು ಮಾಡಿ ಎರಡೂ ಕೈ ಅಗಲಿಸಿ ಹಿಡಿದು ನಿಂತರು. ಅಷ್ಟರಲ್ಲೇ ಅತ್ತೆಯ ಸೀರೆ ನೆನೆದುಹೋಗಿತ್ತು. ಅವರು ಅಳುತ್ತಿದ್ದರು. ಕಾಯಿಲೆಯಾದ ಮೇಲೆ ಅವರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಲಾರಿ ಧೂಳೆಬ್ಬಿಸಿಕೊಂಡು ಹೋದ ಮೇಲೂ ಇಂಜಿನಿಯರು ತಿರುಗಲಿಲ್ಲ, ದುಪ್ಪಟಿ ಇಳಿಸಲೂ ಇಲ್ಲ.

ಇಂಜಿನ್ ಆರಿದ ಮೇಲೆ ಹೇಗೋ ಮನೆ ಸೇರಿದೆವು. ಇಂಜಿನಿಯರು ಹೊರಡುವಾಗ ಅತ್ತೆಯ ಹತ್ತಿರ ಬಂದು, "ಈ ಕಾರು ಇನ್ನು ನಿಮಗೆ ಬೇಡಮ್ಮ, ನಾನು ಬರೆದು ಕಳಿಸ್ತೀನಿ" ಎಂದಷ್ಟೇ ಹೇಳಿದರು.

ನಾನು ನಂಬಲಿಲ್ಲ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಷೋರೂಮಿನವರೇ ತಾಲ್ಲೂಕು ಕಚೇರಿಗೆ ಫೋನ್ ಮಾಡಿ, ಹಳೆಯದನ್ನು ತೆಗೆದುಕೊಂಡು ಬೇರೆ ಕಾರು ಕೊಟ್ಟರು. ಅದು ಎಲ್ಲಿಯೂ ನಿಲ್ಲದೆ ಚಾಮರಾಜನಗರ ಮುಟ್ಟಿತು. ಡಾಕ್ಟರು ಅತ್ತೆಯ ಬೆರಳುಗಳನ್ನು ಬಿಡಿಸಲು ನೋಡಿದರು, ಆಗಲಿಲ್ಲ. ಇಷ್ಟು ದಿನ ಎಲ್ಲಿ ಹೋಗಿದ್ದಿರಿ ಎಂದು ನಮ್ಮನ್ನು ಬೈದರು. ಕಾಲು ಸ್ವಲ್ಪ ಸುಧಾರಿಸಬಹುದು, ಕೈ ಇಷ್ಟೇ ಎಂದರು ಡಾಕ್ಟರು.

ಹೊರಗೆ ಬಂದಾಗ ಅತ್ತೆ ಮಗನಿಗೆ, "ಉಮ್ಮತ್ತೂರಿಗೆ ಓಗನ ಕಣ್ಲಾ, ಅಕ್ಕನ ನೋಡ್ಕಂಡು ಬರನ" ಎಂದರು.

ಹೋದೆವು. ಅವರಕ್ಕ ಬಾಗಿಲಿಗೆ ಓಡಿಬಂದು ತಂಗಿಯನ್ನು ಇಳಿಸಿಕೊಳ್ಳಿ ಎಂದು ನಮಗೆ ಹೇಳಿದರು. ನಮ್ಮನೆಯವರು ಕೀಗೆ ಕೈ ಹಾಕಿದರು.

"ಆಫ್ ಮಾಡ್ಬ್ಯಾಡ ಕಣ್ಲಾ" ಎಂದರು ಅತ್ತೆ. "ನಾನು ಇಳಿಯಾಕಿಲ್ಲ."

ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಅವರಕ್ಕ ಮಣೆ ತಂದು ಕಾರಿನ ಪಕ್ಕ ಹಾಕಿಕೊಂಡು ಕೂತರು. ಅಕ್ಕತಂಗಿ ಕಿಟಕಿಯಲ್ಲೇ ಮಾತಾಡಿದರು, ಇಂಜಿನ್ನಿನ ಸದ್ದಿಗೆ ಒಬ್ಬರದೊಬ್ಬರಿಗೆ ಸರಿಯಾಗಿ ಕೇಳಿಸದೆ, ಹೇಳಿದ್ದನ್ನೇ ಮತ್ತೆ ಮತ್ತೆ ಕೂಗಿ ಹೇಳಿಕೊಳ್ಳುತ್ತಾ.